ಅರ್ಧ ಗಡ್ಡ

ಹೆಂಡತಿಯ ಅಣ್ಣನ ಕೊರಳಿನ ಮೇಲೆ ಕ್ಷೌರಿಕನ ಕತ್ತಿ ನಿಂತುಬಿಟ್ಟಿತು. ಕ್ಷೌರಿಕನ ಕಣ್ಣು ತೆರೆದೇ ಇತ್ತು, ಅವನು ಮಾತ್ರ ಅಲ್ಲಿರಲಿಲ್ಲ. ರೆಪ್ಪೆ ಬಡಿಯುವಷ್ಟರಲ್ಲಿ ನಿದ್ದೆ ಅವನನ್ನು ಹೊತ್ತೊಯ್ದು ಮತ್ತೆ ತಂದು ನಿಲ್ಲಿಸಿತ್ತು.

“ಯಾಕಯ್ಯಾ ನಿಲ್ಲಿಸ್ದೆ?” ಎಂದ ಭಾವ, ನೊರೆಯೊಳಗಿಂದ.

ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆ ಮೇಲೆ ಬೀಳುವ ಈ ಕಾಯಿಲೆಗೆ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: ರಾತ್ರಿ ದಿನಾ ಒಂದೇ ಹೊತ್ತಿಗೆ ಮಲಗು, ಮಧ್ಯಾಹ್ನವೂ ತಪ್ಪದೆ ಒಂದು ಸಣ್ಣ ನಿದ್ದೆ ಮಾಡು. ರಾತ್ರಿಯದನ್ನು ಪಾಲಿಸುತ್ತಿದ್ದ. ಹಗಲಲ್ಲಿ ಗಿರಾಕಿಗಳ ಕಣ್ಣೆದುರು ಮಲಗೋದಕ್ಕೆ ಹಾಳು ಮಾನ ಅಡ್ಡ ಬರುತ್ತಿತ್ತು. ಹೆಂಡತಿ ದಿನಾ ಅಂಗಡಿಗೆ ದಿಂಬು ತಂದು, ಬೈದುಕೊಂಡು ವಾಪಸ್ ಒಯ್ಯುತ್ತಿದ್ದಳು. ಈಗಲೂ ಬೆಂಚಿನ ಮೇಲೆ ಕೂತಿದ್ದಳು.

“ಹೊತ್ತಾಯ್ತು, ಮಲಗಿ.”

“ಇದೊಂದು ಗಡ್ಡ ಮುಗೀಲಿ ಕಣೇ.”

“ಜೊತೆಗೆ ನಮ್ಮಣ್ಣನ ಕತೇನೂ ಮುಗೀಲಿ ಅಂತೀರಾ?”

ಭಾವ ಗಹಗಹಿಸಿ ನಕ್ಕ. ನೊರೆಯಡಿಯಲ್ಲಿ ಅವನ ಗಂಟಲಿನ ಗಂಟು ಮೇಲೆ ಕೆಳಗೆ ಓಡಾಡಿತು. ಕ್ಷೌರಿಕ ಅದನ್ನೇ ನೋಡಿದ. ಕಾಲು ಬದಲಿಸಿದ, ತುಟಿ ಕಚ್ಚಿದ, ಮುಖಕ್ಕೆ ನೀರು ಎರಚಿಕೊಂಡ. ಕತ್ತಿ ಮತ್ತೆ ಕೊರಳಿಗೆ ತಾಗುವಷ್ಟರಲ್ಲಿ ರೆಪ್ಪೆ ಜಗ್ಗಿತು. ಥಟ್ಟನೆ ಕತ್ತಿ ಮಡಚಿ ಹೆಂಡತಿಯ ಕೈಗೆ ಕೊಟ್ಟ.

“ಭಾವ, ಕುರ್ಚಿ ಬಿಡಿ. ನಾನು ಮಲಗ್ಬೇಕು.”

“ಅರ್ಧ ಗಡ್ಡದಲ್ಲಾ? ತಲೆ ಕೆಟ್ಟಿದ್ಯಾ ನಿಂಗೆ?”

“ಕುತ್ತಿಗೆ ಉಳೀಬೇಕಾದ್ರೆ ಏಳಿ!”

ಭಾವ ಗೊಣಗುತ್ತ ಎದ್ದ. ಬೀದಿಗೆ ಕಾಣುವ ಆ ಕುರ್ಚಿಯಲ್ಲಿ ಕ್ಷೌರಿಕ ತಾನೇ ಒರಗಿದ. ಬಾಗಿಲಲ್ಲಿ ಇಬ್ಬರು ಗಿರಾಕಿಗಳು ಇಣುಕಿ ಕಿಸಕ್ಕನೆ ನಕ್ಕರು. ಅವನು ಅವರನ್ನು ನೋಡಿಯೂ ಕಣ್ಣು ಮುಚ್ಚಿದ.