ಎದುರಿನವರ ಮಾತು

"ರಾಜಕೀಯ ನಮಗೆ ಬೇಕೇ?" ಎಂಬ ಚರ್ಚೆಯಲ್ಲಿ ಅರ್ಧ ತರಗತಿ ಟಿವಿಯವರಂತೆ ಒಟ್ಟಿಗೇ ಕಿರುಚುತ್ತಿತ್ತು, ಇನ್ನರ್ಧ ಆಕಳಿಸುತ್ತಿತ್ತು. ಟೀಚರ್ ಮೇಜು ಗುದ್ದಿದರು. "ಎದುರಿನವರು ಏನಂದ್ರು ಅಂತ ಮೊದಲು ಹೇಳಿ, ಆಮೇಲೆ ನಿಮ್ಮ ಮಾತು. ಇಲ್ಲಾಂದ್ರೆ ಚರ್ಚಾ ಪೀರಿಯಡ್ಡು ಇವತ್ತಿಗೇ ಕೊನೆ!"

ಅದು ಟೀಚರ್ ತಾವು ಓದುವಾಗಿನ ಮೇಷ್ಟ್ರಿಂದ ಕಲಿತ ಪದ್ಧತಿ. ಆಗ ಎದುರಾಳಿ 'ಹೌದು, ನಾನಂದದ್ದು ಇದನ್ನೇ' ಎಂದು ಒಪ್ಪಿದ ಮೇಲೆಯೇ ಉತ್ತರ. ಮೇಷ್ಟ್ರು ಕಿಟಕಿಗೆ ಒರಗಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಗಂಟೆ ಹೊಡೆದರೂ ಯಾರೂ ಏಳುತ್ತಿರಲಿಲ್ಲ. ಎಂಥ ದಿನಗಳವು!

"ನಾ ಹೇಳಿದ್ದು ಸರೀನಾ ಮಿಸ್?"

ಟೀಚರ್ ಬೆಚ್ಚಿದರು. ಸದಾ ತೂಕಡಿಸುವ 'ಗೊರಕೆರಾಣಿ' ಎದ್ದು ನಿಂತಿದ್ದಳು. "ಯಾವುದು ಸರೀನಾ?"

"ಅಯ್ಯೋ, ಎದುರು ಗುಂಪಿನಲ್ಲಿರೋ ನಮ್ಮ ಕ್ಲಾಸ್ ಲೀಡರ್ ಹೇಳಿದ್ದನ್ನೆಲ್ಲ ಹೇಳ್ದೆ. ಅವನೂ ಹೌದು ಅಂದ. ನೀವೇ ಕೇಳಿಸ್ಕೊಳ್ಲಿಲ್ಲ."

ಟೀಚರ್ ಕುರ್ಚಿಯನ್ನು ಅವಳ ಬೆಂಚಿನ ಬಳಿಗೆ ಎಳೆದು ಕೂತರು. "ಇನ್ನೊಂದ್ಸಲ ಹೇಳು ಮರಿ."