ಹೆಸರು ತಿಳಿಯದ ಬಯಕೆ

ಬಸುರಿ ತಾರಿಣಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಏನೋ ಬೇಕೆನಿಸುತ್ತಿತ್ತು, ಏನೆಂದು ಮಾತ್ರ ತಿಳಿಯುತ್ತಿರಲಿಲ್ಲ. ಅತ್ತೆ ಚನ್ನಾಜಮ್ಮ ಮೇಲಿನ ಮಹಡಿಯಲ್ಲಿ ಬೆಳೆ ಬೆಳೆಯುವ ನೀರಿನ ಕೊಳವೆಗಳಿಂದ ಪಾಲಕ್, ಟೊಮೆಟೊ, ಮೂಲಂಗಿ ಕಿತ್ತು ತಂದರು. ಒಂದರಲ್ಲೂ ಹುಳವಿಲ್ಲ, ತೊಳೆಯುವ ಕೆಲಸವೂ ಇಲ್ಲ. ಬಿಳಿ ಬೇರುಗಳಿಂದ ನೀರಷ್ಟೇ ತೊಟ್ಟಿಕ್ಕುತ್ತಿತ್ತು. ತಾರಿಣಿ ಒಂದೊಂದನ್ನೂ ಮೂಸಿ ಬದಿಗಿಟ್ಟಳು.

"ಇದಲ್ಲ ಅತ್ತೆ."

"ಇನ್ನೇನೇ ಮಾರಾಯ್ತಿ? ಇಲ್ಲಿ ಬೆಳೆಯೋದನ್ನೆಲ್ಲ ತಂದಾಯ್ತಲ್ಲ! ಹೀಗೇ ಉಪವಾಸ ಇದ್ರೆ ಮಗು ಗತಿಯೇನು?"

ಏನೋ ಹೊಳೆದು ಚನ್ನಾಜಮ್ಮ ಒಳಗೆ ಹೋದರು. ಟ್ರಂಕಿನ ತಳದಿಂದ ತಮ್ಮ ತಾಯಿಯ ಕಾಲದ ಮಡಕೆಯ ಚೂರೊಂದನ್ನು ತೆಗೆದು, ನೀರು ಚಿಮುಕಿಸಿ, ಅವಳ ಮೂಗಿನ ಹತ್ತಿರ ಹಿಡಿದರು.

ತಾರಿಣಿಯ ಬಾಯಲ್ಲಿ ನೀರೂರಿತು. "ಇದೇ ಅತ್ತೆ! ಇದ್ಯಾವ ಬೆಳೆ?"

"ಬೆಳೆಯಲ್ಲ ಕಣೇ, ಮಣ್ಣು."

ಈ ಮಹಡಿಗಳಲ್ಲೇ ಹುಟ್ಟಿ ಬೆಳೆದ ತಾರಿಣಿ ಗಲಿಬಿಲಿಗೊಂಡು ಕೊಳವೆಗಳತ್ತ ತಿರುಗಿದಳು. "ಅದನ್ನ ಯಾವ ಮಹಡೀಲಿ ಬೆಳೀತಾರೆ?"