ಎಡಗಾಲಿನ ಗೋಲು

ಪಂದ್ಯ ಮುಗಿದ ಕೂಡಲೇ ಫುಟ್‌ಬಾಲ್ ಆಟಗಾರ್ತಿಯರ ತಲೆಯಿಂದ ಆ ದಿನದ ಆಟದ ನೆನಪನ್ನು ಕ್ಲಬ್ಬು ತೆಗೆದಿಟ್ಟುಕೊಳ್ಳುತ್ತಿತ್ತು. ತಂತ್ರ ಎದುರಾಳಿಯ ಕಿವಿಗೆ ಬೀಳಬಾರದಲ್ಲ! ನಿವೃತ್ತಿಯ ದಿನ ಎಲ್ಲವನ್ನೂ ಒಟ್ಟಿಗೆ ವಾಪಸು ಕೊಡುವುದು ಪದ್ಧತಿ. ಹಾಗಾಗಿ ಬೆಳಗಾವಿಯ ಸ್ಟ್ರೈಕರ್ ನಂದಾ ಮುಚ್ಚಂಡಿ ತಾನು ಹೊಡೆದ ಗೋಲುಗಳ ಕತೆಯನ್ನು ಇಷ್ಟು ವರ್ಷ ಅವ್ವನ ಬಾಯಿಂದಲೇ ಕೇಳಿದ್ದಳು.

ಇವತ್ತು ಅವಳ ನಿವೃತ್ತಿ. ಕ್ಲಬ್ಬಿನ ಕೋಣೆಯಲ್ಲಿ, ನೆನಪುಗಳ ಉಸ್ತುವಾರಿಯ ಸುಮಂಗಲಾ ಮೇಡಂ ಅವಳ ತಲೆಗೆ ನೆನಪು ತುಂಬುವ ಟೊಪ್ಪಿಗೆ ಹಾಕಿ, "ಕಣ್ಣ ಮುಚ್ಚಿ ಆರಾಮ ಕುಂದರ್ರಿ ನಮ್ಮವ್ವ," ಎಂದರು. ಎಂದೂ ಮುಖ ಕೊಟ್ಟು ಮಾತಾಡದವರು ಇವತ್ತೇಕೆ ಬೆಣ್ಣೆ ಹಚ್ಚುತ್ತಿದ್ದಾರೆ?

ನೆನಪು ಬಂತು. ಫೈನಲ್ ಪಂದ್ಯ. "ನಂದಾ! ನಂದಾ!" ಎಂಬ ಕೂಗು. ಚೆಂಡು ಬಲೆಗೆ ಬಿತ್ತು. ಎಲ್ಲವೂ ಚೆಂದವೇ. ಯಾರ ಮೊಳಕೈಯೂ ತಿವಿಯಲಿಲ್ಲ, ಒಂದು ಏದುಸಿರೂ ಇಲ್ಲ.

"ಮೇಡಂ, ಇದು ನಾನಽ ಹೊಡದ ಗೋಲ್ ಏನ್ರಿ?"

"ಮತ್ಯಾರ್ದು? ನಿಮ್ಮ ಹೆಸರಽ ಕೂಗಾಕತ್ತಾರಲ್ಲ!"

ಹೆಸರೇನೋ ಸರಿಯಿತ್ತು. ಆದರೆ ಹೊಡೆದದ್ದು ಬಲಗಾಲು. ಮನೆಯಲ್ಲಿ ಸವೆದು ಬಾಯಿಬಿಟ್ಟ ಬೂಟುಗಳೆಲ್ಲ ಎಡಗಾಲಿನವೇ.

"ನನ್ನ ನೆನಪು ಏನ್ ಮಾಡೀರಿ?"

"ಇವಽ ನಿಮ್ಮವು. ಸುಮ್ನ ಸಂಶಯ ಪಡಬ್ಯಾಡ್ರಿ."

ನಂದಾ ಎದ್ದು ಟೊಪ್ಪಿಗೆ ಕಿತ್ತು ಮೇಲಕ್ಕೆಸೆದಳು. ಅದು ಕೆಳಗಿಳಿಯುವಷ್ಟರಲ್ಲಿ, ಅವಳು ಯೋಚಿಸುವ ಮೊದಲೇ, ಎಡಗಾಲು ಬೀಸಿ ಬಂದಿತ್ತು. ಟೊಪ್ಪಿಗೆ ಮೇಡಂ ಕಿವಿಯ ಪಕ್ಕದಲ್ಲೇ ಹಾದು, ತೆರೆದ ಕಿಟಕಿಯ ಮೇಲ್ಮೂಲೆಯಿಂದ ಹೊರಗೆ ಹಾರಿಹೋಯಿತು.

ಬಿಳಿಚಿಕೊಂಡ ಮೇಡಂ ಮುಂದೆ ನಂದಾ ತನ್ನ ಕಾಲು ಸವರಿಕೊಂಡಳು.

"ಇದರೊಳಗಿನ ನೆನಪು ತಗಿಯೋದು ಮರತೀರಿ."